ಈಟಿಗೆ ಮೊದಲು ನೆಲ: ಉತ್ತರ ಅಮೆರಿಕದ ಬೈಸನ್ ಬೇಟೆಯ ಕುರುಹುಗಳು

(ಇತಿಹಾಸಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ ಚಿತ್ರಗಳ ಬದಲಿಗೆ ಇಲ್ಲಿ ವಿವರಣೆ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆದಿಮಾನವನ ಬೇಟೆ ಎಂದೊಡನೆ ಕಣ್ಣ ಮುಂದೆ ಬರುವುದು ಶಾಲೆಯ ಪಠ್ಯಪುಸ್ತಕದ ಚಿತ್ರ. ತೊಗಲುಟ್ಟ ನಾಲ್ಕೈದು ಗಂಡಸರು, ಕೈಯಲ್ಲಿ ಈಟಿ, ಎದುರಿಗೆ ಕೆರಳಿ ನಿಂತ ಮೃಗ. ಆ ಚಿತ್ರದ ಮೇಲೆ ನನಗೊಂದು ಹಳೆಯ ತಕರಾರಿದೆ. ಅದರಲ್ಲಿ ಮೃಗವಿದೆ, ಮನುಷ್ಯನಿದ್ದಾನೆ, ನೆಲ ಮಾತ್ರ ಇಲ್ಲ. ಹಿನ್ನೆಲೆಗೆಂದು ಒಂದೆರಡು ಗುಡ್ಡ ಗೀಚಿರುತ್ತಾರೆ, ಅಷ್ಟೆ. ಉತ್ತರ ಅಮೆರಿಕದ ಹುಲ್ಲುಬಯಲಿನಲ್ಲಿ ಸುಮಾರು ನೂರು ವರ್ಷಗಳಿಂದ ಅಗೆದು ತೆಗೆದದ್ದನ್ನು ನೋಡುತ್ತ ಹೋದರೆ, ಬೈಸನ್ ಹಿಂಡುಗಳನ್ನು ಬಲಿ ತೆಗೆದುಕೊಂಡದ್ದು ಬಹುಪಾಲು ಆ ಗುಡ್ಡವೇ, ಅದರ ಪಕ್ಕದ ಕೊರಕಲೇ, ಅದರ ಮೇಲೆ ಬೀಸುವ ಗಾಳಿಯೇ ಎನಿಸುತ್ತದೆ. ಈಟಿಯ ಸರದಿ ಬರುತ್ತಿದ್ದದ್ದು ಕೊನೆಗೆ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ. ಜೊತೆಗೆ, ಬರವಣಿಗೆ ಇಲ್ಲದ ಆ ಜನರ ಬೇಟೆಯ ಕ್ರಮ ನಮಗೆ ತಿಳಿದದ್ದಾದರೂ ಹೇಗೆ ಎಂಬುದನ್ನು.

ಮೊದಲು ಪ್ರಾಣಿಯನ್ನು ಪರಿಚಯ ಮಾಡಿಕೊಳ್ಳೋಣ. ಬಂಡೀಪುರ, ನಾಗರಹೊಳೆಗಳಲ್ಲಿ ನಾವು ಕಾಣುವ ಕಾಟಿಯನ್ನು ಇಂಡಿಯನ್ ಬೈಸನ್ ಎಂದು ಕರೆಯುವ ರೂಢಿಯಿದೆ. ಅದು ಬೇರೆ ಪ್ರಾಣಿ. ನಾನು ಹೇಳುತ್ತಿರುವ ಬೈಸನ್ ಬಯಲಿನದು. ಹೆಗಲ ಮೇಲೆ ಎತ್ತರದ ಡುಬ್ಬ, ತಲೆ ಎದೆ ಮುಚ್ಚುವಷ್ಟು ದಟ್ಟ ಕೂದಲು. ಇಂದಿನ ಗಂಡು ಬೈಸನ್ 900 ಕಿಲೋ ತೂಗಬಲ್ಲದು, ಅಷ್ಟು ತೂಕ ಹೊತ್ತೂ ಗಂಟೆಗೆ 50 ಕಿಲೋಮೀಟರಿಗಿಂತ ವೇಗವಾಗಿ ಓಡಬಲ್ಲದು. ಹಿಮಯುಗದ ಕೊನೆಯಲ್ಲಿದ್ದ, ಈಗ ಅಳಿದುಹೋಗಿರುವ ಅದರ ಪೂರ್ವಜರು ಇನ್ನೂ ದೊಡ್ಡವು, ಕೊಂಬು ಇನ್ನೂ ಅಗಲ. ಅದಕ್ಕೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಹಿಂಡಿನಲ್ಲಿ ಒಂದು ಓಡಿದರೆ ಉಳಿದವು ಏಕೆಂದು ಕೇಳುವುದಿಲ್ಲ, ಬೆನ್ನ ಹಿಂದೆ ಓಡುತ್ತವೆ. ಈ ಸ್ವಭಾವಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇವುಗಳ ಮೇಲೆ ನಿಂತಿದೆ.

ಬೇಟೆಗಾರರ ಕಡೆ ಏನಿತ್ತು? ಕುದುರೆ ಇರಲಿಲ್ಲ. ಆ ಖಂಡದ ಕಾಡುಕುದುರೆಗಳು ಹಿಮಯುಗದ ಕೊನೆಗೆ ಅಳಿದುಹೋದವು. ಮತ್ತೆ ಬಂದದ್ದು 16ನೇ ಶತಮಾನದಲ್ಲಿ, ಸ್ಪೇನಿನವರ ಹಡಗುಗಳಲ್ಲಿ. ಬಿಲ್ಲುಬಾಣ ಆ ಬಯಲಿಗೆ ಕಾಲಿಟ್ಟದ್ದು ಈಚಿನ ಎರಡು ಸಾವಿರ ವರ್ಷಗಳಲ್ಲಿ. ಅದಕ್ಕೂ ಮೊದಲಿನ ಹತ್ತಾರು ಶತಮಾನಗಳುದ್ದಕ್ಕೂ ಇದ್ದದ್ದು ಕಲ್ಲಿನ ಮೊನೆಯ ಈಟಿ ಮತ್ತು ಅದನ್ನು ಬೀಸಿ ಎಸೆಯಲು ಒಂದು ಕೋಲು. ನಡೆದುಕೊಂಡೇ ಹೋಗಬೇಕು, ನಡೆದುಕೊಂಡೇ ಬರಬೇಕು, ಮಾಂಸವನ್ನು ಹೊತ್ತೇ ತರಬೇಕು.

ಇನ್ನು ನ್ಯೂ ಮೆಕ್ಸಿಕೊದ ಫಾಲ್ಸಮ್ ಎಂಬ ಸಣ್ಣ ಊರಿಗೆ ಹೋಗೋಣ. 1908ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಭಾರಿ ಮಳೆ ಸುರಿದು ಪ್ರವಾಹ ಬಂತು, ಊರಿನಲ್ಲಿ ಹಲವರು ಸತ್ತರು. ನೀರು ಇಳಿದ ಮೇಲೆ ಸಮೀಪದ ಜಾನುವಾರು ಕ್ಷೇತ್ರವೊಂದರ ಮೇಲ್ವಿಚಾರಕ ಜಾರ್ಜ್ ಮೆಕ್‌ಜಂಕಿನ್ ಕುದುರೆ ಏರಿ ಬೇಲಿ ನೋಡಲು ಹೊರಟ. ಮಳೆಗೆ ಆಳವಾಗಿ ಕೊರೆದುಹೋಗಿದ್ದ ಹಳ್ಳವೊಂದರ ದಡದಲ್ಲಿ, ಮೇಲಿನ ನೆಲದಿಂದ ಬಹಳ ಕೆಳಗೆ, ಮೂಳೆಗಳು ಹೊರಚಾಚಿದ್ದನ್ನು ಕಂಡ. ಈ ಮೆಕ್‌ಜಂಕಿನ್ ಟೆಕ್ಸಸ್‌ನಲ್ಲಿ ಗುಲಾಮನಾಗಿ ಹುಟ್ಟಿದವನು. ಅಂತರ್ಯುದ್ಧದ ನಂತರ ಬಿಡುಗಡೆಯಾಗಿ, ದನಗಾಹಿಗಳ ಜೊತೆ ಇದ್ದುಕೊಂಡೇ ಓದು ಬರಹ ಕಲಿತು, ಕಲ್ಲು, ಮೂಳೆ, ನಕ್ಷತ್ರ ಎಲ್ಲದರಲ್ಲೂ ಆಸಕ್ತಿ ಬೆಳೆಸಿಕೊಂಡಿದ್ದವನು. ಇವು ಸಾಧಾರಣ ದನದ ಮೂಳೆಗಳಲ್ಲ, ಇಷ್ಟು ಆಳದಲ್ಲಿ ಇರಬೇಕಾದವೂ ಅಲ್ಲ ಎಂದು ಅವನಿಗೆ ತೋಚಿತು. ಸಿಕ್ಕವರಿಗೆಲ್ಲ ಹೇಳಿದ. ಯಾರೂ ಬಂದು ನೋಡಲಿಲ್ಲ. 1922ರ ಆರಂಭದಲ್ಲಿ ಅವನು ತೀರಿಕೊಂಡ. ಅದೇ ವರ್ಷದ ಕೊನೆಗೆ ಹತ್ತಿರದ ರಾಟನ್ ಊರಿನ ಕಮ್ಮಾರ ಕಾರ್ಲ್ ಶ್ವಾಕ್‌ಹೈಮ್ ಮತ್ತು ಕೆಲವು ಗೆಳೆಯರು ಆ ಹಳ್ಳಕ್ಕೆ ಹೋದರು. 1926ರಲ್ಲಿ ಸುದ್ದಿ ಡೆನ್ವರ್‌ನ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯ ಮುಟ್ಟಿತು.

ಆಗ ಅಮೆರಿಕದ ವಿದ್ವಾಂಸರಲ್ಲಿ ದೊಡ್ಡ ಜಗಳವೊಂದು ನಡೆಯುತ್ತಿತ್ತು. ಆ ಖಂಡಕ್ಕೆ ಮನುಷ್ಯ ಬಂದು ಎಷ್ಟು ಕಾಲವಾಯಿತು? ಸ್ಮಿತ್‌ಸೋನಿಯನ್ ಸಂಸ್ಥೆಯ ಅಲೆಶ್ ಹರ್ಡ್ಲಿಚ್ಕಾ ಅವರಂಥ ಘಟಾನುಘಟಿಗಳು ಕೆಲವೇ ಸಾವಿರ ವರ್ಷ ಎನ್ನುತ್ತಿದ್ದರು. ಹಿಮಯುಗದ ಮನುಷ್ಯ ಎಂದು ಯಾರು ಯಾವ ಪುರಾವೆ ತಂದರೂ ಅದರಲ್ಲೊಂದು ದೋಷ ಹುಡುಕಿ ತಳ್ಳಿಹಾಕುತ್ತಿದ್ದರು. ಹೇಳಬೇಕೆಂದರೆ ಹೆಚ್ಚಿನ ಸಲ ಅವರು ಹುಡುಕಿದ ದೋಷ ನಿಜವಾದದ್ದೇ ಆಗಿರುತ್ತಿತ್ತು. ಇಂದು ಅವರನ್ನು ಖಳನಾಯಕರಂತೆ ಚಿತ್ರಿಸುವುದು ಸುಲಭ, ಆದರೆ ಕಲ್ಲಿನ ಮೊನೆ ಇಲಿಬಿಲದಿಂದಲೂ ಕೆಳಗೆ ಜಾರಬಹುದು, ನೀರಿನಲ್ಲೂ ತೇಲಿ ಬರಬಹುದು ಎಂಬ ಅವರ ಅನುಮಾನ ನ್ಯಾಯವಾಗಿಯೇ ಇತ್ತು.

ಫಾಲ್ಸಮ್‌ನಲ್ಲೂ ಮೊದಲ ವರ್ಷ ಸಿಕ್ಕ ಮೊನೆಗಳು ಅಗೆತದಲ್ಲಿ ಸಡಿಲವಾಗಿ ಬಂದವು. ಆಗ ಸಂಗ್ರಹಾಲಯದ ನಿರ್ದೇಶಕ ಜೆಸ್ಸಿ ಫಿಗಿನ್ಸ್ ಅಗೆಯುವವರಿಗೆ ಕಟ್ಟುನಿಟ್ಟಾಗಿ ಹೇಳಿದರು: ಇನ್ನೊಂದು ಕಂಡರೆ ಮುಟ್ಟಬೇಡಿ, ಇದ್ದಲ್ಲೇ ಬಿಡಿ, ನನಗೆ ತಿಳಿಸಿ. 1927ರ ಆಗಸ್ಟ್ ಕೊನೆಯಲ್ಲಿ ಅಂಥದ್ದೊಂದು ಕಂಡಿತು. ಬೈಸನ್‌ನ ಎರಡು ಪಕ್ಕೆಲುಬುಗಳ ನಡುವೆ ಕಲ್ಲಿನ ಮೊನೆ, ಸುತ್ತಲಿನ ಮಣ್ಣು ಕದಲಿಲ್ಲ. ತಂತಿ ಹೋಯಿತು. ಬಾರ್ನಮ್ ಬ್ರೌನ್, ಫ್ರಾಂಕ್ ರಾಬರ್ಟ್ಸ್, ಆಲ್‌ಫ್ರೆಡ್ ಕಿಡರ್, ಹೀಗೆ ಯಾರ ಮಾತನ್ನು ಉಳಿದವರು ಅಲ್ಲಗಳೆಯಲಾರರೋ ಅಂಥವರೇ ಬಂದು ಹಳ್ಳದಲ್ಲಿ ಕುಳಿತು ಕಣ್ಣಾರೆ ನೋಡಿದರು. ಇಂಗಾಲದಿಂದ ಕಾಲ ಅಳೆಯುವ ವಿಧಾನ ಬರಲು ಇನ್ನೂ ಎರಡು ದಶಕ ಬಾಕಿ ಇತ್ತು. ಆದರೆ ಆ ಬೈಸನ್ ಅಳಿದುಹೋದ ಜಾತಿಯದು ಎಂಬುದರಲ್ಲಿ ಸಂಶಯವಿರಲಿಲ್ಲ. ಅದರ ಪಕ್ಕೆಯಲ್ಲಿ ಈಟಿಯ ಮೊನೆ ಇದೆ ಎಂದಮೇಲೆ ಈಟಿ ಹಿಡಿದವನೂ ಅದೇ ಕಾಲದವನು. ಜಗಳ ಮುಗಿಯಿತು. ಈಗ ಆ ಸ್ಥಳದ ಕಾಲ 12,000 ವರ್ಷಗಳಿಗೂ ಹಿಂದಿನದೆಂದು ತಿಳಿದಿದೆ.

ಜನಪ್ರಿಯ ಲೇಖನಗಳು ಫಾಲ್ಸಮ್ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ನನಗೆ ಕುತೂಹಲ ಹುಟ್ಟಿಸುವುದು ಆಮೇಲಿನದು. 1990ರ ದಶಕದ ಕೊನೆಯಲ್ಲಿ ಡೇವಿಡ್ ಮೆಲ್ಟ್ಜರ್ ಎಂಬ ಪುರಾತತ್ವಜ್ಞರು ಅದೇ ಹಳ್ಳಕ್ಕೆ ಮರಳಿ ಹೋದರು. 1920ರ ದಶಕದವರಿಗೆ ಬೇಕಾಗಿದ್ದದ್ದು ಪ್ರದರ್ಶನಕ್ಕಿಡಲು ಒಳ್ಳೆಯ ಅಸ್ಥಿಪಂಜರ ಮತ್ತು ವಾದ ಗೆಲ್ಲಲು ಒಂದು ಮೊನೆ. ಮೆಲ್ಟ್ಜರ್ ಕೇಳಿದ್ದು ಬೇರೆ: ಅಲ್ಲಿ ನಿಜಕ್ಕೂ ಏನು ನಡೆಯಿತು? ಸತ್ತವು ಕನಿಷ್ಠ 32 ಬೈಸನ್‌ಗಳು. ಕರುಗಳ ಹಲ್ಲು ಹುಟ್ಟಿದ ಹಂತ ನೋಡಿದರೆ ಶರತ್ಕಾಲ. ಹಿಂಡು ಇಕ್ಕಟ್ಟಾದ ಕೊರಕಲಿಗೆ ಸಿಕ್ಕಿಕೊಂಡಿತ್ತು. ಮಾಂಸ ತುಂಬಿದ ತೊಡೆ, ಪಕ್ಕೆಯ ಭಾಗಗಳು ಅಲ್ಲಿ ಕಡಿಮೆ, ತಲೆಬುರುಡೆಯಂಥ ಮಾಂಸವಿಲ್ಲದ ಭಾರ ಹೆಚ್ಚು. ಅಂದರೆ ಒಳ್ಳೆಯದನ್ನು ಕೊಯ್ದು ಹೊತ್ತೊಯ್ದಿದ್ದಾರೆ. ಮೊನೆಗಳ ಕಲ್ಲಿನಲ್ಲಿ ಒಂದು ಪಾಲು ನೂರಾರು ಕಿಲೋಮೀಟರ್ ದೂರದ ಟೆಕ್ಸಸ್‌ನ ಕಲ್ಲು. ಅಲ್ಲಿನವರು ದಾರಿಯಲ್ಲಿ ಸಾಗುತ್ತಿದ್ದ ಜನ. ಈ ಹಳ್ಳದಲ್ಲಿ ಸ್ವಲ್ಪ ತಂಗಿ, ಮಾಂಸ ಮಾಡಿಕೊಂಡು, ಮುಂದೆ ಹೋದರು.

ಪಕ್ಕೆಲುಬಿನ ನಡುವಿನ ಮೊನೆಯಿಂದ ಮನುಷ್ಯ ಕೊಂದ ಎಂಬಷ್ಟು ತಿಳಿಯಿತು. ಹೇಗೆ ಕೊಂದ ಎಂಬುದು ತಿಳಿಯಬೇಕಾದರೆ ಮೂಳೆಗಳು ಯಾವುದರ ಮೇಲೆ ಯಾವುದು, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿವೆ ಎಂದು ನೋಡಬೇಕು. ಈ ಪಾಠವನ್ನು ಕಲಿಸಿದ್ದು ಕೊಲರಾಡೊದ ಪೂರ್ವಭಾಗದ ಓಲ್ಸನ್-ಚಬಕ್ ಎಂಬ ಸ್ಥಳ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ಕೇಂದ್ರ ಇದೇ.

1957ರಲ್ಲಿ ಇದನ್ನು ಕಂಡುಹಿಡಿದವರು ಇಬ್ಬರು ಹವ್ಯಾಸಿಗಳು, ಅವರ ಹೆಸರೇ ಸ್ಥಳಕ್ಕೂ ಬಂದಿದೆ. ಉತ್ಖನನ ಮಾಡಿದವರು ಕೊಲರಾಡೊ ವಿಶ್ವವಿದ್ಯಾಲಯದ ಜೋ ಬೆನ್ ವೀಟ್. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಲ್ಲೊಂದು ಕೊರಕಲಿತ್ತು. ಅಗಲ ಮೂರರಿಂದ ನಾಲ್ಕು ಮೀಟರ್, ಆಳ ಎರಡು ಮೀಟರ್. ಗುಡಿಸಲಿನ ಪಾಯಕ್ಕೂ ಹೆಚ್ಚೇನಲ್ಲ ಎನಿಸುವ ಈ ತೋಡಿನಲ್ಲಿ, ಸುಮಾರು 50 ಮೀಟರ್ ಉದ್ದಕ್ಕೂ ಮೂಳೆ ತುಂಬಿತ್ತು. ಲೆಕ್ಕ ಹಾಕಿದಾಗ ಸತ್ತವು ಸುಮಾರು 190. ಗಂಡು, ಹೆಣ್ಣು, ಕರು ಎಲ್ಲ ಸೇರಿದ ಇಡೀ ಹಿಂಡು.

ತಳದ ಪದರದಲ್ಲಿದ್ದವು ಪೂರ್ತಿ ಅಸ್ಥಿಪಂಜರಗಳು. ಒಂದರ ಮೇಲೊಂದು, ಕುತ್ತಿಗೆ ತಿರುಚಿಕೊಂಡು, ಬೆನ್ನು ಮುರಿದುಕೊಂಡು, ಕೆಲವು ಅಂಗಾತ. ಇವನ್ನು ಯಾರೂ ಮುಟ್ಟಿಲ್ಲ, ಚೂರಿಯ ಗಾಯವಿಲ್ಲ. ಅದರ ಮೇಲಿನವುಗಳಲ್ಲಿ ಕೈಗೆ ಸಿಕ್ಕಷ್ಟು ಭಾಗ ಮಾತ್ರ ಕೊಯ್ದುಕೊಂಡಿದ್ದಾರೆ. ಎಲ್ಲಕ್ಕಿಂತ ಮೇಲೆ, ಪೂರ್ತಿ ಹಸಿಗೆ ಮಾಡಿ ಬಿಸಾಡಿದ ಮೂಳೆಗಳ ರಾಶಿಗಳು. ಓಡಿ ಬಂದ ಹಿಂಡಿನ ಮುಂದಿನ ಸಾಲು ಕೊರಕಲಿಗೆ ಬಿತ್ತು. ಹಿಂದಿನವು ನಿಲ್ಲಲಾರದೆ ಅವುಗಳ ಮೇಲೆ ಬಿದ್ದವು. ಕೆಳಗಿನವು ತುಳಿತಕ್ಕೆ, ಉಸಿರುಕಟ್ಟಿ ಸತ್ತವು. ಮೇಲೆ ಉಳಿದು ಒದ್ದಾಡುತ್ತಿದ್ದವಕ್ಕೆ ಮಾತ್ರ ಈಟಿ ಬೇಕಾಯಿತು.

ತಳದ ಪ್ರಾಣಿಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಮುಖ ಮಾಡಿದ್ದವು. ಹಾಗಾದರೆ ಹಿಂಡು ಉತ್ತರದಿಂದ ದಕ್ಷಿಣಕ್ಕೆ ಓಡಿತು, ಅಟ್ಟಿದವರು ಉತ್ತರಕ್ಕಿದ್ದರು. ಬೈಸನ್‌ನ ಮೂಗು ಚುರುಕು ಎಂದೆನಲ್ಲ, ಅಷ್ಟು ಹತ್ತಿರದವರೆಗೆ ಅದಕ್ಕೆ ಮನುಷ್ಯರ ವಾಸನೆ ಸಿಗದಿರಬೇಕಾದರೆ ಗಾಳಿ ದಕ್ಷಿಣದಿಂದ ಬೀಸುತ್ತಿದ್ದಿರಬೇಕು. ಮೂಳೆಯ ದಿಕ್ಕು ಹಿಡಿದು ಹತ್ತು ಸಾವಿರ ವರ್ಷಗಳ ಹಿಂದಿನ ಒಂದು ದಿನದ ಗಾಳಿಯ ದಿಕ್ಕು ಹೇಳಿಬಿಟ್ಟರು ವೀಟ್! ಈ ತರ್ಕದ ಕೊನೆಯ ಹೆಜ್ಜೆ ಸ್ವಲ್ಪ ಉದ್ದವಾಯಿತು ಎಂದು ನೀವು ಹೇಳಬಹುದು. ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಬೇಟೆಯಾಡಿ ಗೊತ್ತಿರುವವರು ಯಾರೂ ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ಹಸಿಗೆಯ ರಾಶಿಗಳು ಇನ್ನೂ ಮಾತುಗಾರ. ರಾಶಿಯ ತಳದಲ್ಲಿ ಮುಂಗಾಲಿನ ಮೂಳೆಗಳು, ಮೇಲಕ್ಕೆ ಹೋದಂತೆ ಸೊಂಟ, ಬೆನ್ನುಹುರಿಯ ಮೂಳೆ, ಎಲ್ಲಕ್ಕಿಂತ ಮೇಲೆ ತಲೆಬುರುಡೆ. ಮೊದಲು ಕೊಯ್ದದ್ದು ಮೊದಲು ಬಿಸಾಡಿದರು, ಅದು ಅಡಿಯಲ್ಲಿದೆ. ಅಂದರೆ ಪ್ರಾಣಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಬೆನ್ನ ಉದ್ದಕ್ಕೆ ಚರ್ಮ ಸೀಳಿ, ಮುಂಗಾಲಿನಿಂದ ಕೆಲಸ ಆರಂಭಿಸಿದರು. ಆದರೆ ನಾಲಿಗೆಯ ಬುಡದ ಸಣ್ಣ ಮೂಳೆ ಈ ಕ್ರಮಕ್ಕೆ ಬಗ್ಗುವುದಿಲ್ಲ, ರಾಶಿಯ ಎಲ್ಲ ಪದರಗಳಲ್ಲೂ ಚೆದುರಿ ಸಿಕ್ಕಿದೆ. ವೀಟ್ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ: ಕೆಲಸದ ನಡುನಡುವೆ ನಾಲಿಗೆ ಕಿತ್ತು ತಿನ್ನುತ್ತಿದ್ದರು. ಹಸಿದು ಬೆವರಿದ ಜನರ ಕೈಗೆ ಮೊದಲು ಸಿಕ್ಕ ತುತ್ತು ಅದು. ಅಲ್ಲಿ ದೊರೆತ ಉಪಯುಕ್ತ ಮಾಂಸ 25 ಟನ್‌ನಷ್ಟು ಎಂದು ಅವರ ಅಂದಾಜು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕರುಗಳು ತೀರ ಎಳೆಯವು, ಆದ್ದರಿಂದ ಬೇಟೆ ನಡೆದದ್ದು ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ ಎಂದು ವೀಟ್ ಬರೆದರು. ನಂತರ ಹಲ್ಲುಗಳನ್ನು ಮತ್ತೆ ನೋಡಿದವರು ಇದನ್ನು ಒಪ್ಪಲಿಲ್ಲ. ಬೇಸಿಗೆ ಮುಗಿಯುವ ಹೊತ್ತು ಎಂದರು. ಮೂಳೆಯ ಸಾಕ್ಷ್ಯವೂ ವಕೀಲರನ್ನು ಬೇಡುತ್ತದೆ.

ಈ ಬಯಲಿನ ಪುರಾತತ್ವದಲ್ಲಿ ನಾನು ಹೆಚ್ಚು ನಂಬುವ ಮನುಷ್ಯ ಜಾರ್ಜ್ ಫ್ರಿಸನ್. ವಯೋಮಿಂಗ್‌ನಲ್ಲಿ ದನ ಸಾಕುವ ಕುಟುಂಬದಲ್ಲಿ ಬೆಳೆದವರು, ತಾವೂ ಅದೇ ಕಸುಬು ಮಾಡಿದವರು, ಬೇಟೆ ಬಲ್ಲವರು. ಮೂವತ್ತೇಳರ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿ ಪುರಾತತ್ವ ಓದಿದರು. ಪುಸ್ತಕದಿಂದ ಬಂದವರು ಮೂಳೆಯಿಂದ ಪ್ರಾಣಿಯ ಕಡೆಗೆ ಯೋಚಿಸುತ್ತಾರೆ, ಫ್ರಿಸನ್ ಪ್ರಾಣಿಯಿಂದ ಮೂಳೆಯ ಕಡೆಗೆ. 1971ರಲ್ಲಿ ಅವರು ಕ್ಯಾಸ್ಪರ್ ಎಂಬ ಊರಿನ ಬಳಿ ಅಗೆದಾಗ ಸುಮಾರು ನೂರು ಬೈಸನ್‌ಗಳ ಮೂಳೆ ಸಿಕ್ಕಿತು. ಅಲ್ಲಿ ಕೊರಕಲಿಲ್ಲ, ಪ್ರಪಾತವಿಲ್ಲ. ಮತ್ತೆ ಹೇಗೆ? ಮಣ್ಣಿನ ಪದರ ಪರೀಕ್ಷಿಸಿದರೆ ಅದು ಗಾಳಿ ಕಟ್ಟಿದ ಮರಳುದಿಬ್ಬ, ಲಾಳದ ಆಕಾರದ್ದು. ಮೂರು ಕಡೆ ಕಡಿದಾದ ಸಡಿಲ ಮರಳು, ಒಂದು ಕಡೆ ಮಾತ್ರ ಬಾಯಿ. ಆ ಬಾಯಿಯಿಂದ ಹಿಂಡನ್ನು ಒಳಗಟ್ಟಿದರೆ ಮುಂದೆ ದಿಬ್ಬ ಹತ್ತಬೇಕು. ಹತ್ತಲು ಹೋದರೆ ಗೊರಸು ಹೂತು ಕಾಲು ಕುಸಿಯುತ್ತದೆ. ಗಂಟೆಗೆ ಐವತ್ತು ಕಿಲೋಮೀಟರ್ ಓಡುವ ಪ್ರಾಣಿ ಕೆಲವು ನಿಮಿಷ ನಡೆಯಲಾರದ ಪ್ರಾಣಿಯಾಗುತ್ತದೆ. ಈಟಿಗೆ ಬೇಕಾದದ್ದು ಆ ಕೆಲವು ನಿಮಿಷ.

ಮಲೆನಾಡಿನ ಹಿರಿಯರಿಗೆ ಸೋವು ಗೊತ್ತಿರುತ್ತದೆ. ಒಂದಷ್ಟು ಜನ ಗದ್ದಲ ಮಾಡುತ್ತ ಹಳುವಿನಿಂದ ಪ್ರಾಣಿಯನ್ನು ಎಬ್ಬಿಸಿ ಅಟ್ಟುವುದು, ಅದು ಹಾಯುವ ಕಂಡಿಯಲ್ಲಿ ಇನ್ನೊಂದಷ್ಟು ಜನ ಕಾದು ನಿಲ್ಲುವುದು. ಅಲ್ಲಿ ಗುರಿಕಾರನಿಗಿಂತ ದೊಡ್ಡವನು ಪ್ರಾಣಿ ಯಾವ ಕಂಡಿಗೆ ಬರುತ್ತದೆ ಎಂದು ಮುಂಚೆಯೇ ಬಲ್ಲವನು. ಬಯಲಿನ ಬೈಸನ್ ಬೇಟೆಯೂ ಈ ಜಾತಿಯದೇ, ಪ್ರಮಾಣ ಮಾತ್ರ ಬೇರೆ.

ಹೀಗೆ ನೆಲ ಮೊದಲು ಎಂದಮೇಲೆ, ಕಾಲ ಎರಡನೆಯದು. ಯಾವ ತಿಂಗಳಲ್ಲಿ ಯಾವ ಪ್ರಾಣಿಯನ್ನು ಕೊಲ್ಲಬೇಕು ಎಂಬುದಕ್ಕೆ ನ್ಯೂ ಮೆಕ್ಸಿಕೊದ ರಾಸ್‌ವೆಲ್ ಬಳಿಯ ಗಾರ್ನ್ಸಿ ಎಂಬ ಸ್ಥಳ ಚೆನ್ನಾಗಿ ಉತ್ತರ ಕೊಡುತ್ತದೆ. ಇದು ತೀರ ಹಳೆಯದಲ್ಲ, 15ನೇ ಶತಮಾನದ ಆಸುಪಾಸಿನದು. ಅಲ್ಲಿ ಅಗೆದ ಜಾನ್ ಸ್ಪೆತ್ ಒಂದು ವಿಚಿತ್ರ ಗಮನಿಸಿದರು. ವಸಂತದಲ್ಲಿ ಕೊಂದ ಪ್ರಾಣಿಗಳು. ಗಂಡುಗಳ ಒಳ್ಳೆಯ ಭಾಗಗಳನ್ನು ಹೊತ್ತೊಯ್ದಿದ್ದಾರೆ, ಹೆಣ್ಣುಗಳ ಅದೇ ಭಾಗಗಳನ್ನು ಅಲ್ಲೇ ಬಿಟ್ಟಿದ್ದಾರೆ. ಮಾಂಸ ಎಂದಮೇಲೆ ಎಲ್ಲ ಒಂದೇ ಅಲ್ಲವೇ? ಅಲ್ಲ. ಚಳಿಗಾಲ ಕಳೆದು, ಗಬ್ಬವಾಗಿ, ಕರು ಹಾಕಿ ಹಾಲೂಡುವ ಹೆಣ್ಣಿನ ಮೈಯಲ್ಲಿ ಕೊಬ್ಬು ಕರಗಿಹೋಗಿರುತ್ತದೆ, ಮೂಳೆಯೊಳಗಿನ ಮಜ್ಜೆಯೂ ನೀರಾಗಿರುತ್ತದೆ. ಬರೀ ಕೊಬ್ಬಿಲ್ಲದ ಮಾಂಸವನ್ನೇ ದಿನಗಟ್ಟಲೆ ತಿಂದರೆ ಮನುಷ್ಯ ಕಾಯಿಲೆ ಬೀಳುತ್ತಾನೆ, ಹೊಟ್ಟೆ ತುಂಬಿದ್ದೂ ಸೊರಗುತ್ತಾನೆ. ಶರತ್ಕಾಲದಲ್ಲಿ ಇದು ತಿರುವುಮುರುವು: ಬೆದೆಯ ಕಾಲದ ಕಾದಾಟದಲ್ಲಿ ಗಂಡು ಇಳಿದುಹೋಗಿರುತ್ತದೆ, ಹೆಣ್ಣು ಮೈತುಂಬಿಕೊಂಡಿರುತ್ತದೆ. ಬೇಟೆಗಾರರಿಗೆ ಇದೆಲ್ಲ ತಿಳಿದಿತ್ತು. ಹಸಿವು ಕಲಿಸಿದ ಪಶುವೈದ್ಯ ಇದು.

ನಂಬಿಕೆಯ ವಿಷಯಕ್ಕೆ ಬಂದರೆ ನಾನು ಎಚ್ಚರದಿಂದಿರುತ್ತೇನೆ, ಏಕೆಂದರೆ ಕಾರಣ ತಿಳಿಯದ್ದಕ್ಕೆಲ್ಲ ಪೂಜೆ ಎಂದು ಚೀಟಿ ಅಂಟಿಸುವುದು ಪುರಾತತ್ವದ ಹಳೆಯ ಚಾಳಿ. ಆದರೂ ಎರಡು ವಸ್ತುಗಳನ್ನು ಬಿಡಲಾಗದು. ಒಕ್ಲಹೋಮಾದ ಕೂಪರ್ ಎಂಬಲ್ಲಿ, ಲೇಲ್ಯಾಂಡ್ ಬೆಮೆಂಟ್ 1990ರ ದಶಕದಲ್ಲಿ ಅಗೆದ ಕೊರಕಲಿನಲ್ಲಿ, ಫಾಲ್ಸಮ್ ಕಾಲದವರ ಮೂರು ಬೇಟೆಗಳ ಪದರಗಳು ಒಂದರ ಮೇಲೊಂದಿವೆ. ಮೊದಲ ಬೇಟೆಯ ಒಂದು ತಲೆಬುರುಡೆಯ ಮೇಲೆ ಕೆಮ್ಮಣ್ಣಿನಿಂದ ಮಿಂಚಿನಂಥ ಅಂಕುಡೊಂಕಿನ ಗೆರೆ ಬಳಿದಿದ್ದಾರೆ. ಉತ್ತರ ಅಮೆರಿಕದಲ್ಲಿ ಈವರೆಗೆ ಸಿಕ್ಕಿರುವ ಬಣ್ಣ ಬಳಿದ ವಸ್ತುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೆಸರಾಗಿದೆ. ಎರಡನೆಯದು ಕೊಲರಾಡೊದ ಜೋನ್ಸ್-ಮಿಲ್ಲರ್, ಸುಮಾರು 300 ಬೈಸನ್‌ಗಳು ಸತ್ತ ಜಾಗ. ಅಲ್ಲಿ ಮೂಳೆಗಳ ನಡುವೆ ಕಂಬ ನೆಟ್ಟ ಗುಳಿಯೊಂದರ ಗುರುತಿದೆ. ಅದರ ಪಕ್ಕದಲ್ಲಿ ಕೊಳಲಿನಂಥ ಮೂಳೆಯ ವಸ್ತು, ಬೇಟೆಗೆ ಬಾರದಷ್ಟು ಪುಟ್ಟದಾದ ಕಲ್ಲಿನ ಮೊನೆ. 19ನೇ ಶತಮಾನದಲ್ಲಿ ಬಯಲಿನ ಬುಡಕಟ್ಟುಗಳು ಬೈಸನ್ ದೊಡ್ಡಿಯ ನಡುವೆ ಮಂತ್ರದ ಕಂಬ ನಿಲ್ಲಿಸುತ್ತಿದ್ದದ್ದು ದಾಖಲಾಗಿದೆ. ಉತ್ಖನನ ಮಾಡಿದ ಡೆನಿಸ್ ಸ್ಟ್ಯಾನ್‌ಫೋರ್ಡ್ ಎರಡನ್ನೂ ಜೋಡಿಸಿದರು. ನಡುವೆ ಹತ್ತು ಸಾವಿರ ವರ್ಷಗಳ ಅಂತರವಿದೆ, ನೀವು ನಂಬುವುದು ಬಿಡುವುದು ನಿಮಗೇ ಸೇರಿದ್ದು. ಕೂಪರ್‌ನ ಬುರುಡೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಬಣ್ಣ ತಾನಾಗಿ ಬಳಿದುಕೊಳ್ಳುವುದಿಲ್ಲ.

ಈಗ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಹೆಡ್-ಸ್ಮ್ಯಾಶ್ಡ್-ಇನ್ ಎಂಬ ಬೈಸನ್ ಪ್ರಪಾತ. ತಲೆ ಜಜ್ಜಿದ ಜಾಗ! ಬ್ಲ್ಯಾಕ್‌ಫುಟ್ ಜನ ಹೇಳುವ ಕಥೆಯಂತೆ, ಬೀಳುವ ಪ್ರಾಣಿಗಳನ್ನು ಹತ್ತಿರದಿಂದ ನೋಡುವ ಆಸೆಯಿಂದ ಯುವಕನೊಬ್ಬ ಪ್ರಪಾತದ ಅಡಿಯಲ್ಲಿ ಬಂಡೆಗೆ ಒರಗಿ ನಿಂತ. ಅವತ್ತಿನ ಬೇಟೆ ಎಷ್ಟು ಚೆನ್ನಾಗಿ ನಡೆಯಿತೆಂದರೆ ರಾಶಿ ಬಿದ್ದ ಪ್ರಾಣಿಗಳ ಅಡಿ ಅವನ ತಲೆ ಜಜ್ಜಿಹೋಯಿತು. ಈ ಸ್ಥಳ ಆರು ಸಾವಿರ ವರ್ಷಗಳಷ್ಟು ಕಾಲ ಬಳಕೆಯಲ್ಲಿತ್ತು. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಪಾತದ ಎತ್ತರ ಈಗ ಸುಮಾರು 10 ಮೀಟರ್. ಅಷ್ಟೇನಾ ಎನ್ನಬೇಡಿ, ಅಡಿಯಲ್ಲಿ ಮೂಳೆ, ಕಲ್ಲು, ಮಣ್ಣು ಸೇರಿ ಅಷ್ಟೇ ಆಳದ ಇನ್ನೊಂದು ರಾಶಿ ಬೆಳೆದಿದೆ.

ಪ್ರವಾಸಿಗಳು ಪ್ರಪಾತ ನೋಡಿ ಮರಳುತ್ತಾರೆ. ನೋಡಬೇಕಾದದ್ದು ಅದರ ಹಿಂಭಾಗ. ಪಶ್ಚಿಮಕ್ಕೆ ಸುಮಾರು 40 ಚದರ ಕಿಲೋಮೀಟರ್ ವಿಸ್ತಾರದ ತಗ್ಗು ಹುಲ್ಲುಗಾವಲಿದೆ, ನೀರಿದೆ, ಹಿಂಡು ಮೇಯಲು ಬರುತ್ತಿತ್ತು. ಅಲ್ಲಿಂದ ಪ್ರಪಾತದವರೆಗೆ ಕಿಲೋಮೀಟರ್‌ಗಟ್ಟಲೆ ಸಣ್ಣ ಕಲ್ಲುಗುಪ್ಪೆಗಳ ಸಾಲುಗಳು, ದೂರದಲ್ಲಿ ಅಗಲವಾಗಿ ಆರಂಭವಾಗಿ ಅಂಚಿಗೆ ಬರುವಾಗ ಕಿರಿದಾಗುತ್ತ. ಒಂದೊಂದು ಗುಪ್ಪೆ ಮೊಳಕಾಲೆತ್ತರವೂ ಇಲ್ಲ, ಬೈಸನ್‌ಗೆ ಅದು ಗೋಡೆಯೇ ಅಲ್ಲ. ಆದರೆ ಗುಪ್ಪೆಯಲ್ಲಿ ಸಿಕ್ಕಿಸಿದ ಕೊಂಬೆ ಗಾಳಿಗೆ ಅಲ್ಲಾಡಿದರೆ, ನಡುನಡುವೆ ಜನ ಚರ್ಮ ಬೀಸುತ್ತ ಎದ್ದು ನಿಂತರೆ, ಕಣ್ಣು ಮಂದವಾದ ಪ್ರಾಣಿಗೆ ಅಷ್ಟೇ ಸಾಕು. ಕರುವಿನ ಚರ್ಮ ಹೊದ್ದು ಕರುವಿನಂತೆ ಕೂಗುತ್ತ ಹಿಂಡನ್ನು ಮುಂದಕ್ಕೆ ಸೆಳೆಯುವವರು, ತೋಳದ ಚರ್ಮ ಹೊದ್ದು ಹಿಂದಿನಿಂದ ಸುಳಿಯುವವರು ಇರುತ್ತಿದ್ದರೆಂದು ಬ್ಲ್ಯಾಕ್‌ಫುಟ್ ಹಿರಿಯರು ಹೇಳುತ್ತಾರೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಪ್ರಪಾತದ ಪೂರ್ವದಲ್ಲಿ ಬೀಡುಬಿಟ್ಟವರ ಬೆಂಕಿಯ ವಾಸನೆ ಹಿಂಡಿಗೆ ಮುಟ್ಟುತ್ತಿರಲಿಲ್ಲ. ಅಂಚು ಹತ್ತಿರ ಬರುವವರೆಗೆ ಮುಂದೆ ನೆಲ ಮುಗಿದಿದೆ ಎಂಬುದು ಓಡುವ ಪ್ರಾಣಿಗೆ ಕಾಣುತ್ತಿರಲಿಲ್ಲ. ಇಂಥ ಜಾಗವನ್ನು ಒಮ್ಮೆ ಹುಡುಕಿಕೊಂಡವರ ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನು ಬಿಡಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನು?

ಕೊಂದ ಮೇಲಿನ ದುಡಿಮೆ ಕೊಲ್ಲುವುದಕ್ಕಿಂತ ದೊಡ್ಡದು. ಪ್ರಪಾತದ ಕೆಳಗಿನ ಬಯಲು ಒಂದು ಕಾರ್ಖಾನೆ. ನೆಲದಲ್ಲಿ ಗುಂಡಿ ತೋಡಿ, ಚರ್ಮ ಹಾಸಿ, ನೀರು ತುಂಬಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಅದರೊಳಗೆ ಹಾಕಿ ಕುದಿಸುತ್ತಿದ್ದರು. ಜಜ್ಜಿದ ಮೂಳೆಯಿಂದ ಕೊಬ್ಬು ತೇಲಿ ಬರುತ್ತಿತ್ತು. ಸುತ್ತಲಿನ ಮರಳುಗಲ್ಲು ಕಾಯಿಸಿದರೆ ಪುಡಿಯಾಗುವುದರಿಂದ ಗಟ್ಟಿ ಕಲ್ಲನ್ನು ದೂರದಿಂದ ಹೊತ್ತು ತಂದಿದ್ದಾರೆ. ಬಿಸಿಗೆ ಸಿಡಿದು ಚೂರಾದ ಆ ಕಲ್ಲುಗಳು ಬಯಲಿಡೀ ಹರಡಿವೆ. ಒಣಗಿಸಿ ಕುಟ್ಟಿದ ಮಾಂಸ, ಕರಗಿಸಿದ ಕೊಬ್ಬು, ಕೆಲವೊಮ್ಮೆ ಕಾಡುಹಣ್ಣು ಸೇರಿಸಿ ಗಟ್ಟಿ ಮಾಡಿದ ಪೆಮಿಕನ್ ಎಂಬ ತಿನಿಸು ತಿಂಗಳುಗಟ್ಟಲೆ ಕೆಡುವುದಿಲ್ಲ. ಚಳಿಗಾಲ ದಾಟಿಸುತ್ತಿದ್ದದ್ದು ಇದು. ಪಠ್ಯಪುಸ್ತಕದ ಚಿತ್ರದಲ್ಲಿ ಗುಂಡಿ ತೋಡುವವರೂ ಕಲ್ಲು ಹೊರುವವರೂ ಇಲ್ಲ, ಇದು ನನ್ನ ಎರಡನೆಯ ತಕರಾರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಬೈಸನ್ ಮೂಳೆ ರಾಶಿ ಬಿದ್ದಲ್ಲೆಲ್ಲ ಬೇಟೆ ನಡೆಯಿತು ಎನ್ನಲಾಗದು. ನೆಬ್ರಾಸ್ಕಾದ ಹಡ್ಸನ್-ಮೆಂಗ್‌ನಲ್ಲಿ 1970ರ ದಶಕದಲ್ಲಿ ಅಗೆದ ಲ್ಯಾರಿ ಅಗೆನ್‌ಬ್ರಾಡ್, ಅಲ್ಲಿ ಸುಮಾರು 600 ಬೈಸನ್‌ಗಳನ್ನು ಅಟ್ಟಿ ಕೊಂದರು ಎಂದು ಅಂದಾಜು ಮಾಡಿದರು. ತಲೆಬುರುಡೆಗಳ ಮೇಲ್ಭಾಗ ಇಲ್ಲದಿರುವುದನ್ನು ಕಂಡು, ಮಿದುಳಿಗಾಗಿ ಒಡೆದಿದ್ದಾರೆ ಎಂದರು. ಆಮೇಲೆ ಲ್ಯಾರಿ ಟಾಡ್ ಮತ್ತು ಡೇವಿಡ್ ರ್‍ಯಾಪ್ಸನ್ ಅದನ್ನು ಮತ್ತೆ ಪರಿಶೀಲಿಸಿದರು. ಮಣ್ಣಿನಲ್ಲಿ ಹೂತ ಕೆಳಭಾಗ ಉಳಿಯಿತು, ಬಿಸಿಲು ಮಳೆಗೆ ತೆರೆದುಕೊಂಡ ಮೇಲ್ಭಾಗ ಸವೆದುಹೋಯಿತು, ಮಿದುಳಿನ ಮಾತೇ ಬೇಡ ಎಂದರು. ಕೊಯ್ತದ ಗಾಯಗಳು ಕಾಣುವುದಿಲ್ಲ, ಅಸ್ಥಿಪಂಜರಗಳು ಬಹುಪಾಲು ಕೂಡಿಕೊಂಡೇ ಇವೆ, ಈಟಿಯ ಮೊನೆಗಳು ಮೂಳೆಯ ಪದರಕ್ಕಿಂತ ಮೇಲಿನ, ನಂತರದ ಬೀಡಿಗೆ ಸೇರಿದವು. ಹಿಂಡು ಸಹಜವಾಗಿಯೇ ಸತ್ತಿರಬಹುದು. ಮುಂದೆ ಬಂದ ಸಂಶೋಧಕರು ಮನುಷ್ಯನ ಕೈವಾಡ ಇತ್ತು ಎಂದು ಮತ್ತೆ ವಾದಿಸಿದ್ದಾರೆ. ಅಸಲು ಪ್ರಶ್ನೆ ಮೊನೆ ಮತ್ತು ಮೂಳೆ ಒಂದೇ ಪದರದವೋ ಎಂಬುದು. 1927ರಲ್ಲಿ ಫಿಗಿನ್ಸ್ ಮುಟ್ಟಬೇಡಿ ಎಂದದ್ದು ಇದಕ್ಕಾಗಿಯೇ.

ಅಮೆರಿಕವೊಂದೇ ಅಲ್ಲ. ಸ್ಪೇನಿನ ಅಟಪ್ವೆರ್ಕಾ ಗುಡ್ಡದ ಗ್ರಾನ್ ದೊಲಿನಾ ಗುಹೆಯಲ್ಲಿ, ಸುಮಾರು 4 ಲಕ್ಷ ವರ್ಷಗಳ ಹಿಂದಿನ ಒಂದು ಪದರದಲ್ಲಿ, ಹೆಚ್ಚುಕಡಿಮೆ ಬರೀ ಬೈಸನ್ ಮೂಳೆಗಳೇ ಇವೆ, ಕೊಯ್ದ ಗಾಯಗಳೊಡನೆ. ಅದನ್ನು ಸಾಮೂಹಿಕ ಬೇಟೆ ಎಂದು ಅಲ್ಲಿನ ಸಂಶೋಧಕರು ಓದಿದ್ದಾರೆ. ಆ ಬೇಟೆಗಾರರು ನಮ್ಮ ಜಾತಿಯ ಮನುಷ್ಯರೂ ಅಲ್ಲ, ನಿಯಾಂಡರ್ತಾಲರ ಪೂರ್ವಜರ ಸಾಲಿನವರು. ಅದು ಇನ್ನೊಂದು ಸಂಜೆಯ ವಿಷಯ.

ಪ್ರಶ್ನೆಗಳಿಗೆ ಬರೋಣ.

ಹಿರಿಯರೊಬ್ಬರು ಕೇಳಿದರು: ನೂರಾರು ಪ್ರಾಣಿಗಳನ್ನು ಕೊಂದು ಅರ್ಧದಷ್ಟನ್ನು ಕೊಳೆಯಲು ಬಿಟ್ಟರಲ್ಲ, ಇವರನ್ನೇಕೆ ಜಾಣರೆಂದು ಹೊಗಳುತ್ತೀರಿ? ನ್ಯಾಯವಾದ ಪ್ರಶ್ನೆ ಸ್ವಾಮಿ. ಅರ್ಧದಷ್ಟಲ್ಲ, ಓಲ್ಸನ್-ಚಬಕ್‌ನಲ್ಲೂ ಹೆಚ್ಚಿನವನ್ನು ಹಸಿಗೆ ಮಾಡಿದ್ದಾರೆ. ಉಳಿದದ್ದು ಕೈಗೆಟುಕದ ತಳದವು. ಆದರೆ ನಷ್ಟವಾಯಿತು ಎಂಬುದು ನಿಜ. ಓಡುವ ಹಿಂಡಿಗೆ ಇಪ್ಪತ್ತು ಸಾಕು, ನಿಲ್ಲಿ ಎಂದು ಹೇಳುವಂತಿಲ್ಲ. ಅವರನ್ನು ಪ್ರಕೃತಿಯ ಸಂತರೆಂದು ಚಿತ್ರಿಸುವುದಕ್ಕೆ ನಾನು ಬಂದಿಲ್ಲ. ಇಷ್ಟಂತೂ ಲೆಕ್ಕದಲ್ಲಿದೆ: ಸಾವಿರಾರು ವರ್ಷ ಹೀಗೆ ಬೇಟೆಯಾಡಿದ ಮೇಲೂ 19ನೇ ಶತಮಾನದ ಆರಂಭದಲ್ಲಿ ಆ ಬಯಲಿನಲ್ಲಿ ಕೋಟಿಗಳ ಲೆಕ್ಕದಲ್ಲಿ ಬೈಸನ್‌ಗಳಿದ್ದವು. ಬಂದೂಕು, ರೈಲು ಮತ್ತು ಚರ್ಮದ ವ್ಯಾಪಾರ ಬಂದು, 1880ರ ದಶಕದ ಕೊನೆಗೆ ಸಾವಿರದ ಒಳಗೆ ಇಳಿದವು.

ಇನ್ನೊಬ್ಬರ ಪ್ರಶ್ನೆ, ನಮ್ಮಲ್ಲಿ ಇಂಥದ್ದು ಇದೆಯೇ ಎಂದು. ಮಲೆನಾಡಿನ ಹುಳಿಮಣ್ಣು, ಮಳೆ ಎರಡೂ ಮೂಳೆಯನ್ನು ಬಹುಕಾಲ ಉಳಿಯಗೊಡುವುದಿಲ್ಲ. ಆ ಕಡೆ ಹುಡುಕಿ ಫಲವಿಲ್ಲ. ಆದರೆ ಮೂಳೆಯ ಜೋಡಣೆಯನ್ನು ಓದುವ ಕೆಲಸ ನಮ್ಮಲ್ಲೂ ಚೆನ್ನಾಗಿ ನಡೆದಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನವಶಿಲಾಯುಗದ ಬೂದಿದಿಬ್ಬವನ್ನು ಅಗೆದಾಗ, ದನಗಳನ್ನು ಕೊಯ್ದು ಹಸಿಗೆ ಮಾಡುತ್ತಿದ್ದ ನೆಲವೊಂದು ಬಯಲಾಯಿತು. ಸುಮಾರು 4,000 ವರ್ಷ ಹಳೆಯದು. ಅಲ್ಲಿ ಬೇಟೆಯಿಲ್ಲ, ಅವು ಸಾಕಿದ ದನ. ಆದರೆ ಮೂಳೆಗಳ ನಡುವೆ ಕೊಯ್ಯಲು ಬಳಸಿದ ಕಲ್ಲಿನ ಅಲಗುಗಳು ಬಿದ್ದಿವೆ. ಅದರ ವರದಿ ಅಚ್ಚಾಗಿದೆ, ಡೆಕ್ಕನ್ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ ನೋಡಬಹುದು.